ನನ್ನನ್ನು ನಾನು ಬೈದುಕೊಳ್ಳುವುದನ್ನು ಬಿಟ್ಟರೆ ಸೋಮಾರಿಯಾಗುತ್ತೇನೆಯೇ?

ಎರಡು ಬಾರಿ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಸೋತ ಮೇಲೆ ದಿನವಿಡೀ ನಿಮ್ಮನ್ನು ನೀವೇ ಹಳಿದುಕೊಳ್ಳುತ್ತಿರುವುದಾಗಿಯೂ, ಅದನ್ನು ಬಿಟ್ಟು ನಿಮ್ಮ ಮೇಲೆ ಕರುಣೆ ತೋರಿಕೊಂಡರೆ ಇರುವ ಛಲವೂ ಹೋದೀತೆಂಬ ಭಯವಿರುವುದಾಗಿಯೂ ಬರೆದಿದ್ದೀರಿ. ನಾನು ಮನಶ್ಶಾಸ್ತ್ರಜ್ಞೆಯಲ್ಲ, ಮೈಸೂರಿನಿಂದ ದಿನವೂ ರೈಲಿನಲ್ಲಿ ಮಂಡ್ಯಕ್ಕೆ ಹೋಗಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಇದೇ ಭಯ ನನಗೂ ಇತ್ತು.

ಕೆಲವು ವರ್ಷಗಳ ಹಿಂದೆ ಮೌಲ್ಯಮಾಪನದಲ್ಲಿ ನಾನು ತಿದ್ದಿದ ಉತ್ತರಪತ್ರಿಕೆಯೊಂದರ ಒಳಪುಟದ ಅಂಕ ಮೊದಲ ಪುಟಕ್ಕೆ ಬಾರದೆ ಉಳಿದು, ಮರುಎಣಿಕೆಯಲ್ಲಿ ಹೊರಬಿತ್ತು. ಆ ಹುಡುಗನಿಗೆ ಅಂಕ ಸಿಕ್ಕಿತು, ನನಗೆ ದಂಡ ಬಿತ್ತು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಊಟಕ್ಕೆ ಕುಳಿತರೂ, ಬೋರ್ಡಿನ ಮುಂದೆ ನಿಂತರೂ, ‘ಕೂಡುವ ಲೆಕ್ಕ ಬಾರದವಳು ಮಕ್ಕಳಿಗೇನು ಕಲಿಸುತ್ತೀಯೆ’ ಎಂಬ ಮಾತು ತಲೆಯೊಳಗೆ ನಡೆದೇ ಇರುತ್ತಿತ್ತು. ಹೀಗೆ ಆರು ತಿಂಗಳು ಬೈದುಕೊಂಡವಳು, ತಪ್ಪು ನಡೆದದ್ದು ಹೇಗೆ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಫೇಲಾದ ಹುಡುಗಿಯೊಬ್ಬಳು ಅಳುತ್ತಾ ಬಂದಾಗ ನಾನು, ‘ಅಳೋದು ಇರಲಿ ಕಣವ್ವ, ಪೇಪರ್ ತೆಗಿ, ಎಲ್ಲಿ ಹೋಯ್ತು ನೋಡಾಣ’ ಎಂದೆ. ಅದೇ ಸಂಜೆ, ಅವಳಿಗೆ ಹೇಳಿದ ದನಿಯಲ್ಲಿಯೇ ನನ್ನ ‘ಪೇಪರ್’ ತೆಗೆದು ನೋಡಿದೆ. ಆ ದಿನದ ಕೊನೆಯ ಬಂಡಲ್ ಅದು. ರೈಲು ತಪ್ಪೀತೆಂಬ ಆತುರದಲ್ಲಿ ಒಂದೇ ಸಲ ಕೂಡಿ ಮುಗಿಸಿದ್ದೆ. ಅಂದಿನಿಂದ ಎರಡು ಸಲ ಕೂಡುತ್ತೇನೆ, ಎರಡನೆಯದು ಹಿಂದಿನ ಪುಟದಿಂದ. ಬೈಗುಳದಿಂದ ಆರು ತಿಂಗಳಲ್ಲಿ ಆಗದ ತಿದ್ದುಪಡಿ ಇದು.

ಟೆಕ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಸ್ವಾನುಕಂಪವನ್ನು, ಎಂದರೆ ತನ್ನ ಮೇಲೆ ತಾನು ತೋರುವ ಕರುಣೆಯನ್ನು, ಮೂರು ಅಂಶಗಳಾಗಿ ವಿವರಿಸಿದರು: ತನ್ನೊಡನೆ ಮೃದುವಾಗಿರುವುದು, ಸೋಲು ಎಲ್ಲ ಮನುಷ್ಯರಿಗೂ ಬರುವುದೆಂದು ಅರಿಯುವುದು, ನೋವನ್ನು ಅದುಮದೆಯೂ ಹಿಗ್ಗಿಸದೆಯೂ ಇದ್ದಂತೆ ನೋಡುವುದು. ‘ನನ್ನ ಹಣೆಬರಹವೇ ಇಷ್ಟು’ ಎಂದು ಗೋಳಾಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವು ನನ್ನ ದೃಷ್ಟಿಯಲ್ಲಿ ಎರಡನೆಯ ಅಂಶದಲ್ಲಿದೆ. ಗೋಳಾಟದಲ್ಲಿ ಲೋಕದಲ್ಲೆಲ್ಲ ನಾನೊಬ್ಬಳೇ ಕೆಟ್ಟವಳಾಗಿರುತ್ತೇನೆ. ಸೋಮಾರಿತನದ ಬಗೆಗಿನ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವುದು 2012ರಲ್ಲಿ ಜುಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ ಪ್ರಕಟಿಸಿದ ಅಧ್ಯಯನ. ಕಠಿಣವಾದ ಪದಜ್ಞಾನ ಪರೀಕ್ಷೆಯಲ್ಲಿ ಎಡವಿದ ವಿದ್ಯಾರ್ಥಿಗಳ ಪೈಕಿ, ‘ಇದು ಅನೇಕರಿಗೆ ಕಷ್ಟವೇ, ನಿಮ್ಮ ಮೇಲೆ ತೀರಾ ಕಠಿಣರಾಗಬೇಡಿ’ ಎಂಬ ಅರ್ಥದ ಮಾತು ಕೇಳಿದವರು, ‘ನೀವು ಜಾಣರು’ ಎಂದು ಹೊಗಳಿಸಿಕೊಂಡವರಿಗಿಂತ ಹೆಚ್ಚು ಹೊತ್ತು ಮುಂದಿನ ಪರೀಕ್ಷೆಗೆ ಓದಿದರು.

ನಾನು ಮಾಡುವುದಿಷ್ಟೇ. ಶ್ರೀರಂಗಪಟ್ಟಣ ದಾಟಿ ಪಾಂಡವಪುರ ಬರುವುದರೊಳಗೆ ಒಂದು ಪುಟ್ಟ ಪುಸ್ತಕದಲ್ಲಿ ಮೂರು ಸಾಲು ಬರೆಯುತ್ತೇನೆ: ಏನಾಯಿತು, ಇದು ಬೇರೆ ಯಾರಿಗೆಲ್ಲ ಆಗಬಹುದು, ನನ್ನ ವಿದ್ಯಾರ್ಥಿನಿಗಾಗಿದ್ದರೆ ಏನೆನ್ನುತ್ತಿದ್ದೆ. ಎದೆಯ ಮೇಲೆ ಕೈಯಿಟ್ಟು ಸಮಾಧಾನ ಹೇಳಿಕೊಳ್ಳುವ ವಿಧಾನವನ್ನೂ ಕೆಲವರು ಕಲಿಸುತ್ತಾರೆ. ನನಗದು ನಾಟಕದಂತೆ ಕಂಡಿತು, ಬಿಸಿ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕೂರುವುದೇ ಒಗ್ಗಿತು. ಮೊದಮೊದಲು ಮೃದುವಾಗಿ ಮಾತಾಡಿಕೊಂಡಾಗ ನೆಮ್ಮದಿಯ ಬದಲು ಹಳೆಯ ದುಃಖ ಉಕ್ಕಿ ಬರಬಹುದು. ನನಗೂ ಬಂದಿತ್ತು. ಅಂಥ ದಿನ ಪುಸ್ತಕ ಮುಚ್ಚಿ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತಿದ್ದೆ.

ನಿದ್ದೆ, ಹಸಿವು ಎರಡು ವಾರಕ್ಕೂ ಹೆಚ್ಚು ಕಾಲ ಕೆಟ್ಟಿದ್ದರೆ ಅಥವಾ ಬದುಕೇ ಬೇಡವೆನಿಸುತ್ತಿದ್ದರೆ ಈ ಮೂರು ಸಾಲು ಸಾಲದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿಯೂ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿಯೂ ಮನೋವೈದ್ಯ ವಿಭಾಗಗಳಿವೆ.

ಅಷ್ಟು ಕೆಟ್ಟಿಲ್ಲವೆಂದಾದರೆ, ಎರಡನೆಯ ಸಲದ ನಿಮ್ಮ ಅಂಕಗಳನ್ನು ಎದುರಿಗಿಟ್ಟುಕೊಂಡು, ಯಾವ ವಿಷಯದಲ್ಲಿ ಎಷ್ಟು ಹೋಯಿತೆಂಬುದನ್ನೇ ಮೊದಲ ಸಾಲಾಗಿ ಬರೆಯಿರಿ.