ಬೆನ್ನಿನ ಆಪರೇಷನ್ನಿಗೆ ಬ್ಲಾಕ್ ಕೊಟ್ಟರೆ ಕಾಲು ಜೋಮು ಹಿಡಿಯುತ್ತದೆಯೇ?

ಶಿರಸಿಯಿಂದ ಕೇಳಿದ್ದೀರಿ: ಆಯಿಗೆ ಸೊಂಟದ ಎಲ್4-ಎಲ್5 (ಸೊಂಟದ ನಾಲ್ಕನೇ ಮತ್ತು ಐದನೇ ಬೆನ್ನುಮೂಳೆಯ ಮಣಿ) ಆಪರೇಷನ್, ತೂಕ 42 ಕೆಜಿ, ನೋವಿಗೆ ‘ಇಎಸ್‌ಪಿ ಬ್ಲಾಕ್’ (ಎರೆಕ್ಟರ್ ಸ್ಪೈನೆ ಪ್ಲೇನ್ ಬ್ಲಾಕ್, ನೋವು ತಿಳಿಯದಂತೆ ಮಾಡುವ ಚುಚ್ಚುಮದ್ದು) ಕೊಡುತ್ತಾರಂತೆ, ಕಾಲು ಸ್ವಾಧೀನ ತಪ್ಪುತ್ತದೆಯೇ ಎಂದು.

ಸಾಮಾನ್ಯವಾಗಿ ಇಲ್ಲ. ಸಿಸೇರಿಯನ್ನಿಗೆ ಕೊಡುವ ಸ್ಪೈನಲ್‌ನಲ್ಲಿ ಮದ್ದು ನರಗಳ ಸುತ್ತಲಿನ ನೀರಿಗೇ ಹೋಗುತ್ತದೆ. ಇಎಸ್‌ಪಿಯಲ್ಲಿ ಅದು ಹೋಗುವುದು ಬೆನ್ನಿನ ಸ್ನಾಯುವಿನ ಅಡಿಗೆ. ಅಲ್ಟ್ರಾಸೌಂಡಿನಲ್ಲಿ ಕಶೇರುವಿನ (ಬೆನ್ನುಮೂಳೆಯ ಮಣಿಯ) ಪಕ್ಕಕ್ಕೆ ಚಾಚಿದ ಮೂಳೆಯ ತುದಿ ಹುಡುಕಿ, ಸೂಜಿ ಅದಕ್ಕೆ ತಾಗಿಸಿ, ಒಂದೆರಡು ಎಂಎಲ್ ಸಲೈನ್ ಬಿಡುತ್ತಾರೆ. ಸ್ನಾಯು ಮೂಳೆಯಿಂದ ಎದ್ದರೆ ಜಾಗ ಸರಿ. ಸ್ನಾಯುವೇ ಉಬ್ಬಿದರೆ ಸೂಜಿ ಅದರೊಳಗೇ ಇದೆ. ಅಲ್ಲಿ ಮದ್ದು ಬಿಟ್ಟರೆ ದಂಡ. 2016ರಲ್ಲಿ ಎದೆಯ ನರದ ನೋವಿಗೆಂದು ಮೊದಲು ವರದಿಯಾದ ವಿಧಾನ, ಈಗ ಬೆನ್ನಿಗೂ ಬಂದಿದೆ.

ನಾನು ಒತ್ತಿ ಹೇಳುವುದು ತೂಕದ ಬಗ್ಗೆ. ಎರಡೂ ಬದಿಗೆ 20 ಎಂಎಲ್‌ನಂತೆ 0.25% ಬುಪಿವಕೇನ್ (ಮರಗಟ್ಟಿಸುವ ಮದ್ದು, ಎಂಎಲ್‌ಗೆ 2.5 ಮಿಗ್ರಾಂ) ಕೊಟ್ಟರೆ ಒಟ್ಟು 100 ಮಿಗ್ರಾಂ. ಕೆಜಿಗೆ 2 ಮಿಗ್ರಾಂ ಎಂದು ಹಿಡಿದರೆ ಆಯಿಗೆ ಗಡಿ 84. ಅದನ್ನೇ 0.2% ಮಾಡಿದರೆ 80ಕ್ಕೆ ಮುಗಿಯುತ್ತದೆ. ಎಡವಟ್ಟಾಗುವುದು ಎಲ್ಲಿ ಅಂದರೆ, ಹೊಲಿಗೆ ಹಾಕುವಾಗ ಸರ್ಜನ್ ಗಾಯಕ್ಕೂ ಅದೇ ಮದ್ದು ಚುಚ್ಚಿದರೆ ಅದೂ ಇದೇ ಲೆಕ್ಕಕ್ಕೆ ಸೇರಬೇಕು. ಮಿತಿ ಮೀರಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಅದಕ್ಕೆ 20% ಲಿಪಿಡ್ ಎಮಲ್ಷನ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ) ಥಿಯೇಟರಿನಲ್ಲೇ ಇರಬೇಕು. ಇದೆಯೇ ಎಂದು ಕೇಳಿ, ಸಂಕೋಚ ಬೇಡ.

ಗಾಯದ ನೋವು ಸುಮಾರು 8ರಿಂದ 12 ತಾಸು ಹತೋಟಿಯಲ್ಲಿರುತ್ತದೆ. ಬೆಳಿಗ್ಗೆ ಆಪರೇಷನ್ ಆದರೆ ಮದ್ದು ಇಳಿಯುವುದು ರಾತ್ರಿ, ನೋವು ಒಮ್ಮೆಲೇ ಏಳುತ್ತದೆ. ಆದ್ದರಿಂದ ನೋವಿಲ್ಲದಿದ್ದರೂ ಪ್ಯಾರಸಿಟಮಾಲ್ 6 ತಾಸಿಗೊಮ್ಮೆ ನಡೆಯಲಿ. ಈ ತೂಕಕ್ಕೆ ಪೂರ್ತಿ 1 ಗ್ರಾಂ ಅಲ್ಲ, ಕೆಜಿಗೆ 15 ಮಿಗ್ರಾಂನಂತೆ 630ರ ಹತ್ತಿರ. ಕಾಲಿಗೆ ಇಳಿಯುವ ನರದ ಸೆಳೆತಕ್ಕೆ ಮಾತ್ರ ಈ ಬ್ಲಾಕ್ ಅಷ್ಟಾಗಿ ನಾಟುವುದಿಲ್ಲ.

ಆಪರೇಷನ್ ಮುಗಿದ ಮೇಲೆ ಪಾದ ಎತ್ತಲು ಆಗದಿದ್ದರೆ, ಜೋಮು ಹೆಚ್ಚುತ್ತಾ ಹೋದರೆ, ಮೂತ್ರ ಕಟ್ಟಿದರೆ “ಬ್ಲಾಕಿನದೇ ಇರಬೇಕು” ಎಂದು ಬೆಳಗಿನವರೆಗೆ ಕಾಯಬೇಡಿ. ಒಳಗೆ ರಕ್ತ ಕಟ್ಟಿ ನರ ಒತ್ತುತ್ತಿರಬಹುದು. ಆಗ ಒಂದೊಂದು ತಾಸೂ ಮುಖ್ಯ, ಸಿಸ್ಟರನ್ನು ಎಬ್ಬಿಸಿಯಾದರೂ ಡಾಕ್ಟರನ್ನು ಕರೆಸಿ.

ವಾಪಸು ಶಿರಸಿಗೆ ದೇವಿಮನೆ ಘಟ್ಟ ಹತ್ತುವ ದಿನಕ್ಕೆ ಬ್ಲಾಕಿನ ಸುಳಿವೂ ಇರುವುದಿಲ್ಲ. ಡಾಕ್ಟರು ಬರೆದ ಮಾತ್ರೆಯನ್ನು ಘಟ್ಟ ಶುರುವಾಗುವ ಮುಂಚೆ, ಕುಮಟಾ ದಾಟುವ ಮೊದಲೇ ಕೊಡಿ. ಮನೆಯಲ್ಲಿ ಯಾರಾದರೂ ಮುರುಗಲ ತುಪ್ಪ (ಕೋಕಂ ಬೀಜದ ತುಪ್ಪ) ಹಿಡಿದು ಬಂದರೆ ಹಿಮ್ಮಡಿಗೆ ಹಚ್ಚಲಿ, ಹೊಲಿಗೆಗೆ ಬೇಡ.