ಸೈಬರ್ ಭದ್ರತೆಗೆ ಅನುದಾನ: ಪೆಟ್ಟಿಗೆಗಿಂತ ಮೊದಲು ಪರಿಣತರ ನೆರವು ಕೇಳಿ

ಬೋರ್ಡಿಗೆ ಆಯ್ಕೆಯಾಗಿದ್ದಕ್ಕೆ ಅಭಿನಂದನೆ ಸರ್. ಅಮೆರಿಕದ ಹಳ್ಳಿಗಾಡಿನ ನಿಮ್ಮ ವಿದ್ಯುತ್ ಕೋ-ಆಪ್‌ನಲ್ಲಿ (ಸಹಕಾರ ಸಂಘದಲ್ಲಿ) ಐಟಿ ನೋಡಿಕೊಳ್ಳುವವರು ಒಬ್ಬರೇ, ಸೈಬರ್ ಭದ್ರತೆಗೆ ಫೆಡರಲ್ ದುಡ್ಡು ಸಿಗುತ್ತದಾ, ಸಿಕ್ಕರೆ ದೊಡ್ಡ ಫೈರ್‌ವಾಲ್ (ಜಾಲಕ್ಕೆ ಬೇಡದವರು ನುಗ್ಗದಂತೆ ತಡೆಯುವ ಪೆಟ್ಟಿಗೆ) ತಗೊಳ್ಳೋಣವಾ ಅಂತ ಕೇಳಿದ್ದೀರಿ. ದುಡ್ಡಿಗೆ ದಾರಿ ಇದೆ. ಫೈರ್‌ವಾಲ್ ಮಾತು ಆಮೇಲೆ.

2021ರ ನವೆಂಬರಿನಲ್ಲಿ ಅಮೆರಿಕದ ಮೂಲಸೌಕರ್ಯ ಕಾಯ್ದೆ ಬಂದಾಗ ಸಣ್ಣ ವಿದ್ಯುತ್ ಸಂಸ್ಥೆಗಳಿಗೆಂದೇ 25 ಕೋಟಿ ಡಾಲರ್ ತೆಗೆದಿಟ್ಟರು. 2022ರಿಂದ 2026ರವರೆಗೆ, ವರ್ಷಕ್ಕೆ 5 ಕೋಟಿ. ಇಂಧನ ಇಲಾಖೆಯಲ್ಲಿ ಸೈಬರ್ ಭದ್ರತೆ ನೋಡಿಕೊಳ್ಳುವ ಸೆಸರ್ (CESER) ಕಚೇರಿ ಇದನ್ನು ಆರ್‌ಎಂಯುಸಿ (RMUC) ಯೋಜನೆ ಅನ್ನುವ ಹೆಸರಿನಲ್ಲಿ ನಡೆಸುತ್ತದೆ. ಗ್ರಾಮೀಣ ಕೋ-ಆಪ್‌ಗಳು, ಊರಾಡಳಿತದ ವಿದ್ಯುತ್ ವಿಭಾಗಗಳು, ವರ್ಷಕ್ಕೆ 40 ಲಕ್ಷ ಮೆಗಾವ್ಯಾಟ್-ಅವರ್‌ಗಿಂತ ಕಡಿಮೆ ಮಾರುವ ಖಾಸಗಿ ಕಂಪನಿಗಳು ಅರ್ಹ. ಜನ, ಹಣ ಕಡಿಮೆ ಇರುವವರಿಗೆ ಆದ್ಯತೆ ಅಂತ ಕಾಯ್ದೆಯಲ್ಲೇ ಇದೆ. ಹಾಗಾಗಿ ಐಟಿಗೆ ಒಬ್ಬರೇ ಇರುವುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ, ಮೊದಲ ಸಾಲಿನಲ್ಲೇ ಬರೆಯಿರಿ. ನಮ್ಮ ದೌರ್ಬಲ್ಯ ಊರಿಗೆಲ್ಲ ಗೊತ್ತಾಗುತ್ತದೆ ಅನ್ನುವ ಅಂಜಿಕೆ ಬೋರ್ಡಿನಲ್ಲಿ ಬಂದೇ ಬರುತ್ತದೆ. ಭದ್ರತೆಗೆ ಧಕ್ಕೆ ತರುವಂಥ ವಿವರವನ್ನು ಯಾರಾದರೂ ಮಾಹಿತಿ ಕೋರಿ ಅರ್ಜಿ ಹಾಕಿದರೂ ಬಹಿರಂಗಪಡಿಸುವಂತಿಲ್ಲ ಅಂತ ಅದೇ ಕಲಮಿನಲ್ಲಿದೆ, ತೋರಿಸಿ.

'ನಮ್ಮಂಥ ಚಿಕ್ಕವರ ತಂಟೆಗೆ ಯಾರು ಬರ್ತಾರೆ' ಅನ್ನುವವರಿಗೆ ಎರಡು ಉದಾಹರಣೆ ಕೊಡಿ. ಕೊಲೊರಾಡೋದ ಡೆಲ್ಟಾ-ಮಾಂಟ್ರೋಸ್ ಕೋ-ಆಪ್‌ಗೆ 2021ರ ನವೆಂಬರಿನಲ್ಲಿ ದಾಳಿಯಾದಾಗ ಕರೆಂಟ್ ಹೋಗಲಿಲ್ಲ, ಆದರೆ ಒಳಗಿನ ಕಂಪ್ಯೂಟರ್ ವ್ಯವಸ್ಥೆಯ ಶೇ. 90ರಷ್ಟು ಹಾಳಾಯಿತು, ಬಿಲ್ಲಿಂಗ್ ವಾರಗಟ್ಟಲೆ ನಿಂತಿತು, ದಶಕಗಳ ಹಳೆಯ ದಾಖಲೆ ಹೋಯಿತು. ಮ್ಯಾಸಚೂಸೆಟ್ಸ್‌ನ ಲಿಟಲ್‌ಟನ್ ಅನ್ನುವ ಸಣ್ಣ ಊರಿನ ವಿದ್ಯುತ್ ವಿಭಾಗದೊಳಗೆ ವೋಲ್ಟ್ ಟೈಫೂನ್ ಅನ್ನುವ, ಚೀನಾ ಸರ್ಕಾರದ ನಂಟಿನ ಹ್ಯಾಕರ್ ತಂಡ 300 ದಿನಕ್ಕೂ ಹೆಚ್ಚು ಕಾಲ ಕೂತಿತ್ತು. 2023ರ ಕೊನೆಯಲ್ಲಿ ಎಫ್‌ಬಿಐ ಫೋನ್ ಮಾಡಿದ ಮೇಲೇ ಅವರಿಗೆ ಗೊತ್ತಾಗಿದ್ದು.

ಫೈರ್‌ವಾಲ್ ಬಗ್ಗೆ ನನ್ನ ತಕರಾರು ಇಲ್ಲೇ ಇರುವುದು. ಪೆಟ್ಟಿಗೆ ರಾತ್ರಿ ಎರಡಕ್ಕೆ ಎಚ್ಚರಿಕೆ ಕೊಡುತ್ತದೆ, ನೋಡುವವರು ಬೇಕಲ್ಲ? ಅನುದಾನ ಮುಗಿದ ಮೇಲೆ ವರ್ಷವರ್ಷದ ಲೈಸೆನ್ಸ್ ದುಡ್ಡು ಸದಸ್ಯರ ಬಿಲ್ಲಿನಿಂದಲೇ ಬರಬೇಕು. ಆದ್ದರಿಂದ ಹಣಕ್ಕಿಂತ ಮೊದಲು ಇದೇ ಯೋಜನೆಯ ತಾಂತ್ರಿಕ ನೆರವನ್ನೂ ತರಬೇತಿಯನ್ನೂ ಕೇಳಿ. ಕನಿಷ್ಠ ಆರು ಸಂಸ್ಥೆಗಳ ಜೊತೆ ಸೇರಿ ಲಾಭರಹಿತ ಸಂಸ್ಥೆಯೊಂದು ಅರ್ಜಿ ಹಾಕಲೂ ಅವಕಾಶವಿದೆ. ಅಕ್ಕಪಕ್ಕದ ಕೋ-ಆಪ್‌ಗಳೆಲ್ಲ ಸೇರಿ ನಿಗಾ ಇಡುವ ಪರಿಣತರನ್ನು ಹಂಚಿಕೊಳ್ಳುವುದು ನನ್ನ ಮಟ್ಟಿಗೆ ಆ ದುಡ್ಡಿನ ಅತ್ಯುತ್ತಮ ಬಳಕೆ.

ಇನ್ನೊಂದು ಕೆಲಸಕ್ಕೆ ಅನುದಾನ ಕಾಯಲೇಬೇಡಿ. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿತರಣಾ ಕಂಪನಿಗಳ ಮೇಲೆ ದಾಳಿಯಾಯಿತು. ಆಪರೇಟರ್ ಕಣ್ಣೆದುರೇ ಮೌಸ್‌ನ ಬಾಣ ತಾನಾಗಿ ಓಡಾಡಿ ಬ್ರೇಕರ್‌ಗಳನ್ನು (ಲೈನಿನ ದೊಡ್ಡ ಸ್ವಿಚ್‌ಗಳನ್ನು) ಒಂದೊಂದಾಗಿ ತೆರೆದು ಕರೆಂಟ್ ಕಡಿಯುತ್ತಿತ್ತು, ಅವರ ಮೌಸ್ ಕೆಲಸ ಮಾಡುತ್ತಿರಲಿಲ್ಲ. ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ಕೆಲವೇ ಗಂಟೆಗಳಲ್ಲಿ ಮತ್ತೆ ಬಂದಿದ್ದು ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದ್ದರಿಂದ. ನಿಮ್ಮ ಲೈನ್‌ಮ್ಯಾನ್‌ಗಳಿಗೂ ಸ್ಕಾಡಾ (ದೂರದಿಂದಲೇ ಲೈನು, ಬ್ರೇಕರ್ ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಇಲ್ಲದೆ ಕೈಯಿಂದ ಸ್ವಿಚಿಂಗ್ ಮಾಡುವ ಅಭ್ಯಾಸ ಇದೆಯಾ ಅಂತ ಮುಂದಿನ ಸಭೆಯಲ್ಲೇ ಕೇಳಿ. ಉಕ್ರೇನಿನಲ್ಲಿ ದಾಳಿಕೋರರು ಮೊದಲು ಒಳಬಂದಿದ್ದು ಇಮೇಲ್ ಮೂಲಕ, ಕದ್ದ ಪಾಸ್‌ವರ್ಡ್‌ನಿಂದ ಕಂಟ್ರೋಲ್ ರೂಮಿಗೆ ಹೊಕ್ಕರು. ಅಂದರೆ ಹೊರಗಿನಿಂದ ಲಾಗಿನ್ ಆಗುವ ಎಲ್ಲರಿಗೂ ಎರಡು ಹಂತದ ದೃಢೀಕರಣ ಕಡ್ಡಾಯ ಮಾಡಿ, ಮಾರಾಟಗಾರರ ತಂತ್ರಜ್ಞರಿಗೂ. ಬಿಲ್ಲಿಂಗ್ ಜಾಲ ಮತ್ತು ಸ್ಕಾಡಾ ಜಾಲ ಬೇರೆಬೇರೆ ಇರಲಿ. ಬ್ಯಾಕಪ್‌ನ ಒಂದು ಪ್ರತಿ ಜಾಲದಿಂದ ಹೊರಗಿರಲಿ. ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸೀಸಾ (CISA) ಇಂಟರ್‌ನೆಟ್‌ಗೆ ತೆರೆದಿರುವ ನಿಮ್ಮ ಸರ್ವರ್‌ಗಳನ್ನು ಉಚಿತವಾಗಿ ಸ್ಕ್ಯಾನ್ ಮಾಡಿಕೊಡುತ್ತದೆ, ಅದಕ್ಕೂ ಹೆಸರು ಕೊಡಿ.

ಕೊನೆಗೆ ಕಾಗದಪತ್ರ. ಫೆಡರಲ್ ಅನುದಾನಕ್ಕೆ ಸ್ಯಾಮ್ (SAM.gov) ಅನ್ನುವ ಸರ್ಕಾರಿ ಜಾಲತಾಣದ ನೋಂದಣಿ ಚಾಲ್ತಿಯಲ್ಲಿರಬೇಕು, ಪ್ರತಿ ವರ್ಷ ನವೀಕರಿಸಬೇಕು, ಹೊಸದಾದರೆ ವಾರಗಳೇ ಹಿಡಿಯಬಹುದು. ಅರ್ಜಿ ಕರೆದ ಮೇಲೆ ಶುರುಮಾಡಿದರೆ ಗಡುವು ದಾಟಿಹೋಗುತ್ತದೆ. ನಿಮ್ಮ ಮ್ಯಾನೇಜರ್ ಹತ್ತಿರ ಈ ವಾರವೇ ವಿಚಾರಿಸಿ. ಸೆಸರ್ ಪುಟದಲ್ಲಿ ಸದ್ಯ ಯಾವ ಅರ್ಜಿ ತೆರೆದಿದೆ ಅಂತ ನೋಡಿ ಇಲ್ಲಿ ಹಾಕಿ, ಅರ್ಜಿಯ ಕರಡು ಓದಿಕೊಡಲು ನಾನು ಸಿದ್ಧ.