ಫಂಗಸ್ ನ್ಯುಮೋನಿಯಾ ನಿಜವಾಗ್ಲೂ ಅಷ್ಟು ದೊಡ್ಡ ಸಮಸ್ಯೆನಾ? ಕಿಡ್ನಿ ಕಸಿ ಆದ ನಮ್ಮ ಕಾಕಾ ಹೊಲಕ್ಕೆ ಹೋಗಬಹುದಾ?

ಕಾಕಾಗೆ ಕಿಡ್ನಿ ಕಸಿ ಆಗಿದೆ, ಡಾಕ್ಟರು ಫಂಗಸ್ ಬಗ್ಗೆ ಹುಷಾರು ಅಂದಿದ್ದಾರೆ, ಗದಗದ ಹತ್ತಿರ ಹೊಲ ಇದೆ, ಇದೆಲ್ಲ ಸುಮ್ನೆ ಹೆದರಿಸೋದಾ ಅಂತ ಕೇಳಿದ್ದೀರಿ. ಇಲ್ಲ, ನಿಜವಾದ ಅಪಾಯಾನೇ. ನಾನು ಡಾಕ್ಟರ್ ಅಲ್ಲ. ಹುಬ್ಬಳ್ಳಿಯ ಒಂದು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಶಿಯನ್, ಕಫದ ಸ್ಲೈಡ್ ನೋಡೋದು ನನ್ನ ಕೆಲಸ. ಆ ಕಡೆಯಿಂದ ಕಂಡದ್ದನ್ನು ಹೇಳ್ತೀನಿ.

ಮೊದಲು ಲೆಕ್ಕ. 2024ರಲ್ಲಿ ಡೇವಿಡ್ ಡೆನ್ನಿಂಗ್ ಅನ್ನೋ ಬ್ರಿಟಿಷ್ ತಜ್ಞರು ಇಡೀ ಜಗತ್ತಿನ ಅಂದಾಜು ಪ್ರಕಟಿಸಿದರು. ಆಸ್ಪರ್ಜಿಲ್ಲಸ್ ಅನ್ನೋ ಫಂಗಸ್ ಶ್ವಾಸಕೋಶದೊಳಗೆ ಬೇರು ಬಿಡುವ ಕಾಯಿಲೆ ವರ್ಷಕ್ಕೆ 21 ಲಕ್ಷಕ್ಕೂ ಹೆಚ್ಚು ಜನರಿಗೆ ಬರುತ್ತದೆ, ಅವರಲ್ಲಿ ಸುಮಾರು 18 ಲಕ್ಷ ಜನ ಸಾಯುತ್ತಾರೆ. ನ್ಯುಮೋಸಿಸ್ಟಿಸ್ ಅನ್ನೋ ಇನ್ನೊಂದು ಸುಮಾರು 5 ಲಕ್ಷ ಜನರಿಗೆ ಬಂದು 2 ಲಕ್ಷಕ್ಕೂ ಜಾಸ್ತಿ ಜನರನ್ನು ಒಯ್ಯುತ್ತದೆ. ಟಿಬಿಯಿಂದ 2023ರಲ್ಲಿ ಸತ್ತವರು 12.5 ಲಕ್ಷ. ಹೋಲಿಸಿ ನೋಡಿ. ಆದರೆ ಆ 18 ಲಕ್ಷವನ್ನು ಪೂರ್ತಿ ಫಂಗಸ್ ಖಾತೆಗೆ ಬರೆಯೋಕಾಗಲ್ಲ. ಅವರಲ್ಲಿ ಬಹಳಷ್ಟು ಜನ ಮೊದಲೇ ಐಸಿಯುನಲ್ಲಿ ಇದ್ದವರು, ಕ್ಯಾನ್ಸರ್ ಅಥವಾ ಹಳೇ ಶ್ವಾಸಕೋಶದ ಕಾಯಿಲೆ ಇದ್ದವರು.

ನನಗೆ ಆ ಅಂಕಿಗಿಂತ ಜಾಸ್ತಿ ಚಿಂತೆ ಬೇರೆ. ನಮ್ಮ ಕಡೆ ಕೆಮ್ಮು, ಜ್ವರ, ಎಕ್ಸ್‌ರೇನಲ್ಲಿ ಪ್ಯಾಚ್ ಅಂದ್ರೆ ಮೊದಲು ಬಾಯಿಗೆ ಬರೋದು ಟಿಬಿ. ತಪ್ಪೇನಿಲ್ಲ, ಟಿಬಿ ಇಲ್ಲಿ ಅಷ್ಟಿದೆ. ಆದರೆ ಕಫದಲ್ಲಿ ಟಿಬಿ ಸಿಗಲಿಲ್ಲ, ಆಂಟಿಬಯಾಟಿಕ್ ಬದಲಾಯಿಸಿದರೂ ಜ್ವರ ಇಳಿಯಲಿಲ್ಲ, ಆಮೇಲೂ 'ನೋಡೋಣ' ಅಂತ ಟಿಬಿ ಮಾತ್ರೆನೇ ಶುರು ಮಾಡುವುದುಂಟು. ಲ್ಯಾಬಿಗೆ ಬರೋ ಚೀಟಿಯಲ್ಲಿ ಎಎಫ್‌ಬಿ (ಟಿಬಿ ರೋಗಾಣು ಹುಡುಕೋ ಪರೀಕ್ಷೆ) ಮುಂದೆ ಟಿಕ್ ಇರುತ್ತದೆ, ಫಂಗಸ್ ಅನ್ನೋ ಜಾಗ ಖಾಲಿ. ಕೇಳದೇ ಇದ್ದದ್ದನ್ನು ಲ್ಯಾಬಿನಲ್ಲಿ ಯಾರೂ ಹುಡುಕಲ್ಲ.

ಕೇಳಿದರೆ ಮೊದಲ ಪರೀಕ್ಷೆಗೆ ದೊಡ್ಡ ಖರ್ಚೇನೂ ಇಲ್ಲ. ಕಫದ ಮೇಲೆ ಒಂದು ಹನಿ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರ) ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಲೋಳೆ ಕರಗುತ್ತದೆ. ಆಸ್ಪರ್ಜಿಲ್ಲಸ್ ಇದ್ದರೆ ಅಲ್ಲಲ್ಲಿ ಗಂಟು ಬಿದ್ದ ತೆಳು ಎಳೆಗಳು ಕಾಣುತ್ತವೆ, ಬೇವಿನ ಟೊಂಗೆ ಕವಲೊಡೆದ ಹಾಗೆ. 2021ರಲ್ಲಿ ಕೋವಿಡ್ ಜೊತೆ ಬಂದು ಎಲ್ಲರನ್ನೂ ಹೆದರಿಸಿದ ಬ್ಲ್ಯಾಕ್ ಫಂಗಸ್‌ನ ಎಳೆ ಬೇರೆ ಥರ: ಅಗಲ, ಗಂಟಿಲ್ಲ, ಹೆಚ್ಚುಕಡಿಮೆ ನೇರ ಮೂಲೆಗೆ ಕವಲು. ಎರಡಕ್ಕೂ ಔಷಧ ಒಂದೇ ಅಲ್ಲ, ಹಾಗಾಗಿ ಈ ವ್ಯತ್ಯಾಸ ಮುಖ್ಯ. ಸಿಟಿ ಸ್ಕ್ಯಾನ್, ಆಸ್ಪರ್ಜಿಲ್ಲಸ್ ಬಿಡೋ ಒಂದು ಸಕ್ಕರೆ ಅಂಶ ಹುಡುಕೋ ಗ್ಯಾಲಕ್ಟೋಮ್ಯಾನನ್ ಪರೀಕ್ಷೆ ಆಮೇಲಿನ ಹೆಜ್ಜೆ.

ನ್ಯುಮೋಸಿಸ್ಟಿಸ್ ಮಾತ್ರ ಕಿಲಾಡಿ. ಅದನ್ನು ಪ್ಲೇಟಿನಲ್ಲಿ ಬೆಳೆಸೋಕೇ ಆಗಲ್ಲ. ಸಾಮಾನ್ಯವಾಗಿ ದೂರ್ಬೀನು ಇಳಿಸಿ ಶ್ವಾಸಕೋಶ ತೊಳೆದ ನೀರು ತೆಗೆದು, ಬೆಳ್ಳಿ ಬಣ್ಣ ಹಾಕಿ ನೋಡಬೇಕು, ಇಲ್ಲಾ ಪಿಸಿಆರ್ ಮಾಡಬೇಕು. 1981ರಲ್ಲಿ ಲಾಸ್ ಏಂಜಲೀಸ್‌ನ ಐದು ಯುವಕರಲ್ಲಿ ಇದೇ ನ್ಯುಮೋನಿಯಾ ಕಂಡ ವರದಿಯಿಂದಲೇ ಏಡ್ಸ್ ಕಥೆ ಶುರುವಾಯಿತು. ಈಗ ಸ್ಟೀರಾಯ್ಡ್ ತಗೊಳ್ಳೋರಿಗೆ, ಕಸಿ ಆದವರಿಗೂ ಬರುತ್ತದೆ, ಅವರಲ್ಲಿ ಎಚ್‌ಐವಿ ಇದ್ದವರಿಗಿಂತ ಬೇಗ ಏರುತ್ತದೆ. ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗೇ ಕಾಣಬಹುದು. ಮನೆಯಲ್ಲಿ ಆಕ್ಸಿಮೀಟರ್ ಇದ್ದರೆ ಕೂತಾಗ ಒಮ್ಮೆ, ಅಂಗಳದಲ್ಲಿ ಅಡ್ಡಾಡಿಸಿ ಇನ್ನೊಮ್ಮೆ ನೋಡಿ. ನಡೆದಾಗ ಅಂಕಿ ಇಳಿದರೆ ಅವತ್ತೇ ಆಸ್ಪತ್ರೆಗೆ.

ಇದನ್ನು ತಡೆಯೋ ಮಾತ್ರೆ ಸೆಪ್ಟ್ರಾನ್ ಅನ್ನೋ ಅಗ್ಗದ ಆಂಟಿಬಯಾಟಿಕ್. ಫಂಗಸ್ ಔಷಧಗಳು ಹೊಡೆಯೋ ಎರ್ಗೋಸ್ಟೆರಾಲ್ ಅನ್ನೋ ಕೊಬ್ಬು ಈ ಫಂಗಸ್ ಮೈಯಲ್ಲಿಲ್ಲ. ಅದಕ್ಕೇ ಫ್ಲುಕೊನಜೋಲ್ ಥರದ ಫಂಗಸ್ ಮಾತ್ರೆ ಇದಕ್ಕೆ ನಾಟಲ್ಲ, ಈ ಆಂಟಿಬಯಾಟಿಕ್ ನಾಟುತ್ತದೆ. ಕಸಿ ಆದ ಮೊದಲ ಕೆಲವು ತಿಂಗಳು ಡಾಕ್ಟರು ಸಾಮಾನ್ಯವಾಗಿ ಇದನ್ನು ಕೊಡ್ತಾರೆ. 'ಚೆನ್ನಾಗಿದ್ದೀನಲ್ಲ' ಅಂತ ಕಾಕಾ ಮಧ್ಯೆ ಬಿಡದ ಹಾಗೆ ನೋಡಿಕೊಳ್ಳಿ.

ಕಾಕಾನ ವಿಷಯದಲ್ಲಿ ಪರೀಕ್ಷೆ ಇಲ್ಲದೆ ಅಂದಾಜಿಗೆ ಕೊಡೋ ಕುರುಡು ಚಿಕಿತ್ಸೆ ಇನ್ನೂ ದುಬಾರಿ. ಕಸಿ ಆದವರು ಬಹುತೇಕ ಟ್ಯಾಕ್ರೊಲಿಮಸ್ ತಗೊಳ್ತಾರೆ, ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದ ಹಾಗೆ ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧ ಅದು. ಟಿಬಿಯ ರಿಫಾಂಪಿಸಿನ್ ಮಾತ್ರೆ ರಕ್ತದಲ್ಲಿ ಅದರ ಮಟ್ಟ ಇಳಿಸುತ್ತದೆ, ಹೊಸ ಕಿಡ್ನಿಗೇ ಕುತ್ತು. ಆಸ್ಪರ್ಜಿಲ್ಲಸ್‌ಗೆ ಕೊಡೋ ವೊರಿಕೊನಜೋಲ್ ಅದೇ ಮಟ್ಟವನ್ನು ಏರಿಸುತ್ತದೆ. ಫ್ಲುಕೊನಜೋಲ್ ಕೂಡ ಏರಿಸುತ್ತದೆ. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ ಬೇಡವೇ ಬೇಡ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲ ಮಾತು 'ಕಸಿ ಆಗಿದೆ' ಅನ್ನೋದಿರಲಿ. ಕಫಕ್ಕೆ ಬರೆಯುವಾಗ 'ಫಂಗಸ್‌ಗೂ ಬರೀರಿ ಸರ್' ಅಂತ ನೀವೇ ಕೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಇನ್ನು ಹೊಲ. ಆಸ್ಪರ್ಜಿಲ್ಲಸ್ ಬೀಜಕಣ ಎಲ್ಲ ಕಡೆ ಇದೆ, ನಾವೂ ದಿನಾ ಉಸಿರಾಡ್ತೀವಿ, ನಮ್ಮ ಮೈ ಕೊಂದು ಹಾಕುತ್ತದೆ. ಬೆಳೆ ನೋಡೋಕೆ, ಬದುವಿನ ಮೇಲೆ ಅಡ್ಡಾಡೋಕೆ ಕಾಕಾ ಹೋಗಬಹುದಾ ಅಂತ ಡಾಕ್ಟರನ್ನು ಕೇಳಿ, ಸಾಮಾನ್ಯವಾಗಿ ಮೊದಲ ತಿಂಗಳುಗಳು ಕಳೆದ ಮೇಲೆ ಬೇಡ ಅನ್ನಲ್ಲ. ದೂರ ಇರಬೇಕಾದ್ದು ರಾಶಿ ಮಾಡುವ ಧೂಳಿನಿಂದ, ಮಳೆಗೆ ನೆನೆದ ಕಣಿಕಿ ಬಣವೆ ಬಿಚ್ಚೋದರಿಂದ, ತಿಪ್ಪೆ ಕೆದಕೋದರಿಂದ, ಬೂಷ್ಟು ಹಿಡಿದ ಶೇಂಗಾ ಆರಿಸೋದರಿಂದ. ಟವೆಲ್ ಸುತ್ತಿಕೊಂಡರೆ ಈ ಕಣ ನಿಲ್ಲಲ್ಲ, ಎನ್95 ಬೇಕು. ಹಾಗೇ ಇನ್ನೊಂದು: ಮೆಣಸಿನಕಾಯಿಗೆ ಹೊಡೆಯೋ ಟೆಬುಕೊನಜೋಲ್ ಈ ವೊರಿಕೊನಜೋಲ್ ಕುಟುಂಬದ್ದೇ. ಹೊಲದಲ್ಲಿ ಇಂಥ ಔಷಧಕ್ಕೆ ಪಳಗಿದ ಆಸ್ಪರ್ಜಿಲ್ಲಸ್ ನೆದರ್ಲೆಂಡ್ಸ್‌ನಲ್ಲೂ ಭಾರತದಲ್ಲೂ ಸಿಕ್ಕಿದೆ. ಆ ಪಂಪು ಕಾಕಾ ಹೆಗಲಿಗೇರಿಸೋದು ಬೇಡ, ನೀವೇ ಹೊಡೀರಿ, ಡಬ್ಬಿ ಮೇಲಿನ ಪ್ರಮಾಣದಷ್ಟೇ.